ಒರಗು ಸೈಕಲ್ಲೂ ಅಂದಾಜಪ್ಪನ ಬೆನ್ನೂ

ಕೂತು ತುಳಿಯಬೇಕಾದ ಸೈಕಲ್ಲನ್ನು ಮಲಗಿ ತುಳಿಯುತ್ತೇನೆಂದು ಹೊರಟವನಿಗೆ ಊರಿನ ಜನ ಯಾವ ಗತಿ ತೋರಿಸುತ್ತಾರೆ ಎಂಬುದು ತಿಳಿಯಬೇಕಾದರೆ ಅಂದಾಜಪ್ಪನನ್ನು ಕೇಳಬೇಕು. ಅವನಾಗಿ ಹೇಳುವುದಿಲ್ಲ. ಅದಕ್ಕೇ ನಾವು ಹೇಳಬೇಕಾಗಿದೆ.

ಅಂದಾಜಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನು ನೀರು ಸರಬರಾಜು ಕಚೇರಿಯಲ್ಲಿ ಹೊಸ ಕೊಳವೆ ಹಾಕುವ ಕೆಲಸಕ್ಕೆಲ್ಲ ಅಂದಾಜು ತಯಾರಿಸುತ್ತಿದ್ದ. ಆ ಅಭ್ಯಾಸ ಮನೆಗೂ ಬಂದು, ಟೀಗೆ ಸಕ್ಕರೆ ಸಾಕಾ ಎಂದು ಹೆಂಡತಿ ಕೇಳಿದರೂ "ಅಂದಾಜು ಸಾಕು" ಎನ್ನುತ್ತಿದ್ದ. ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು.

ಈಚೆಗೆ ಅವನನ್ನು ತಾತ್ಕಾಲಿಕವಾಗಿ ದೂರಿನ ಕಿಟಕಿಯಲ್ಲಿ ಕೂರಿಸಿದ್ದರು. ಕಚೇರಿಗಳಲ್ಲಿ ತಾತ್ಕಾಲಿಕ ಎನ್ನುವುದು ಕಬ್ಬಿಣಕ್ಕಿಂತ ಗಟ್ಟಿ ಎಂದು ಅನುಭವಸ್ಥರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಕಿಟಕಿ ತೆರೆದರೆ ಸಾಕು, ಊರಿನವರು ಬಾಟಲಿಗಳಲ್ಲಿ ಕೆಂಪು ನೀರು, ಹಳದಿ ನೀರು, ಹುಳ ಈಜುವ ನೀರು ಹಿಡಿದು ಸಾಲುಗಟ್ಟುತ್ತಿದ್ದರು. "ಇದನ್ನ ನೀವೇ ಒಂದು ಗುಟುಕು ಕುಡೀರಿ ನೋಡೋಣ" ಎನ್ನುವುದು ಅಲ್ಲಿಯ ನಮಸ್ಕಾರ. ಒಬ್ಬಾಕೆಯಂತೂ ಇಡೀ ಬಕೆಟ್ಟನ್ನೇ ಮೇಜಿನ ಮೇಲೆ ಮಗುಚಿ, "ಈಗ ಬರ್ಕೊಳ್ಳಿ" ಎಂದಿದ್ದಳು. ಅಂದಾಜಪ್ಪ ರಾತ್ರಿ ನಿದ್ದೆಯಲ್ಲೂ "ಮುಂದಿನವರು ಬನ್ನಿ" ಎಂದು ಕನವರಿಸತೊಡಗಿದ.

ಹೀಗಿರುವಾಗ ಗುಡ್ಡದ ಮೇಲಿನ ದೊಡ್ಡ ಟ್ಯಾಂಕಿನ ಉಸ್ತುವಾರಿ ಹುದ್ದೆ ಖಾಲಿಯಾಯಿತು. ಟ್ಯಾಂಕಿನ ಪಕ್ಕದಲ್ಲಿ ನಾಲ್ಕೂ ಕಡೆ ಕಿಟಕಿಯಿರುವ ಒಂದು ಕೋಣೆ. ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಎದುರಿಗೆ ಇನ್ನೊಂದು ಕುರ್ಚಿ ಇಲ್ಲ. ಆ ಇಲ್ಲದ ಕುರ್ಚಿಯ ಮೇಲೆ ಅಂದಾಜಪ್ಪನಿಗೆ ಪ್ರಾಣ. ಜೀವನದಲ್ಲಿ ಅವನು ಯಾವುದಕ್ಕೂ ಇಷ್ಟು ಆಸೆಪಟ್ಟಿರಲಿಲ್ಲ.

ದೊಡ್ಡ ಎಂಜಿನಿಯರ್ ಸಾಹೇಬರು ಎಲ್ಲರನ್ನೂ ಕರೆದು ಹೇಳಿದರು: "ಜೀಪು ಕೊಡಲ್ಲ. ದಿನಾ ಬೆಳಗ್ಗೆ ಸ್ವಂತ ಬಲದ ಮೇಲೆ ಗುಡ್ಡ ಹತ್ತೋರು ಬೇಕು. ಹಿಂದಿನೋನು ಉಸಿರು ಸಾಲದೆ ಬಿಟ್ಟುಹೋದ. ಯಾರಿದ್ದೀರಿ?"

ಎಲ್ಲರೂ ತಂತಮ್ಮ ಹೊಟ್ಟೆ ನೋಡಿಕೊಂಡರು. ಅಂದಾಜಪ್ಪ ಮಾತ್ರ ಎದ್ದು ನಿಂತ. "ನಾನು ಬರ್ತೀನಿ ಸಾರ್. ಸೈಕಲ್ಲಲ್ಲಿ."

"ಸೈಕಲ್ಲಲ್ಲಾ?" ಎಂದು ಹೆಡ್ ಕ್ಲಾರ್ಕ್ ಗಹಗಹಿಸಿದ. "ಗುಡ್ಡಕ್ಕೆ ಮುಂಚೆ ಕೆರೆ ಏರಿ ಇದೆಯಲ್ಲಪ್ಪ, ಅದರ ಮೇಲೆ ಬೀಸೋ ಗಾಳಿಗೆ ಲಾರಿನೇ ಹಿಂದಕ್ಕೆ ಹೋಗುತ್ತೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಂದಾಜಪ್ಪ ಎರಡನೆಯದನ್ನು ಕಂಡವನಲ್ಲ, ಮೊದಲನೆಯದನ್ನು ಅಲ್ಲೇ ಮಾಡಿದ. "ಗಾಳಿನ ನಾನು ಎದುರಿಸೋದೇ ಇಲ್ಲ ಸಾರ್. ಅದರ ಕೆಳಗೆ ನುಸುಳಿ ಹೋಗ್ತೀನಿ. ವೈಜ್ಞಾನಿಕ ಸೈಕಲ್ಲು ಬರ್ತಾ ಇದೆ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಸೋಮವಾರ ಬೆಳಗ್ಗೆ ನಾನು ಗುಡ್ಡದ ಮೇಲಿರ್ತೀನಿ. ನಿಮ್ಮ ವಿಜ್ಞಾನ ಅಲ್ಲೀವರೆಗೆ ಬಂದರೆ ಕೋಣೆ ನಿಮ್ಮದು. ಬರಲಿಲ್ಲವೋ, ದೂರಿನ ಕಿಟಕಿ ಕಾಯಂ."

ಅಸಲಿಗೆ ಅಂದಾಜಪ್ಪ ಮದುವೆಯಾದ ಮೇಲೆ ಯಾವ ಸೈಕಲ್ಲನ್ನೂ ಮುಟ್ಟಿರಲಿಲ್ಲ. ಹಳೆ ಸಾಮಾನಿನ ಅಂಗಡಿಯಲ್ಲಿ ಉದ್ದನೆಯದೊಂದು ಒರಗು ಸೈಕಲ್ಲು ಸೂರಿಗೆ ನೇತಾಡುತ್ತಿದ್ದುದನ್ನು ಕಂಡಿದ್ದ, ಅಷ್ಟೇ. ಅದನ್ನೇ ಇಳಿಸಿ, ಧೂಳು ಕೊಡವಿ, ಮನೆಗೆ ತಂದ. ಎರಡೇ ಚಕ್ರ, ನಡುವೆ ಆರಾಮಕುರ್ಚಿಯಂಥ ಸೀಟು, ಪೆಡಲುಗಳು ಮಾತ್ರ ಮುಂದಿನ ಚಕ್ರಕ್ಕಿಂತ ಮುಂದೆ, ಉದ್ದನೆಯ ಕೊಳವೆಯೊಂದರ ತುದಿಯಲ್ಲಿ. ಸವಾರ ಬೆನ್ನು ಒರಗಿಸಿ, ಕಾಲು ಮುಂದಕ್ಕೆ ಚಾಚಿ ತುಳಿಯಬೇಕು. ಸೀಟನ್ನು ಬೇಕಾದಷ್ಟು ಹಿಂದಕ್ಕೆ ಬಾಗಿಸಬಹುದು, ಕೊಳವೆಯನ್ನು ಬೇಕಾದಷ್ಟು ಎಳೆದುಕೊಳ್ಳಬಹುದು. ಕೊಳವೆ ಎಂದ ಮೇಲೆ ತನ್ನದೇ ಇಲಾಖೆ ಎಂದು ಅಂದಾಜಪ್ಪನಿಗೆ ಧೈರ್ಯ ಬಂತು.

ಆದರೆ ಈ ಬೇಕಾದಷ್ಟು ಎನ್ನುವುದೇ ಕೊರಳಿಗೆ ಬಿತ್ತು. ಸೀಟನ್ನು ಪೂರ್ತಿ ಬಾಗಿಸಿದರೆ ಗಾಳಿಗೆ ತಡೆಯೇ ಇಲ್ಲ, ಮೂಗಿನ ಮೇಲೆ ಹಾದು ಹೋಗುತ್ತದೆ. ಆದರೆ ತುಳಿಯಲು ಹೋದರೆ ಬೆನ್ನಿಗೆ ಆತುಕೊಳ್ಳಲು ಏನೂ ಸಿಗದೆ, ಪೆಡಲು ಮುಂದಕ್ಕೆ ಹೋಗುವ ಬದಲು ಅಂದಾಜಪ್ಪನೇ ತಲೆಯ ಕಡೆಗೆ ಜಾರುತ್ತಾನೆ. ಸೀಟನ್ನು ನೆಟ್ಟಗೆ ಮಾಡಿದರೆ ಬೆನ್ನಿಗೆ ಆಸರೆ ಸಿಕ್ಕಿ ಕಾಲಿಗೆ ಬಲ ಬರುತ್ತದೆ. ಆದರೆ ಎದೆ, ಹೊಟ್ಟೆ ಎರಡೂ ಗಾಳಿಗೆ ಬಾಗಿಲ ಹಾಗೆ ಅಡ್ಡ ನಿಲ್ಲುತ್ತವೆ. ಬಾಗಿಸಿದಾಗಲೆಲ್ಲ ಪೆಡಲು ದೂರವಾಗಿ ಕೊಳವೆ ಒಳಕ್ಕೆ ತಳ್ಳಬೇಕು. ತಳ್ಳಿದರೆ ಸರಪಳಿ ಸಡಿಲಾಗಿ ಪ್ಯಾಂಟಿನ ಕಾಲು ತಿನ್ನುತ್ತದೆ. ತಲೆಗೆ ಹೊದ್ದರೆ ಕಾಲಿಗಿಲ್ಲ, ಕಾಲಿಗೆ ಹೊದ್ದರೆ ತಲೆಗಿಲ್ಲ ಎಂಬ ಕಂಬಳಿಯ ಕಥೆ ಇದೇ.

ಕಚೇರಿಗೆ ರಜೆ ಹಾಕಿ, ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅಂದಾಜಪ್ಪ ನಡುಮನೆಯಲ್ಲಿ ಪ್ರಯೋಗಶಾಲೆ ಹೂಡಿದ. ಸೈಕಲ್ಲಿನ ಎರಡೂ ಕೊನೆಗೆ ಸ್ಟೂಲು ಕೊಟ್ಟು ನಿಲ್ಲಿಸಿದ. ಎದುರಿಗೆ ಟೇಬಲ್ ಫ್ಯಾನು ಇಟ್ಟ. ಗಾಳಿ ಮೈಮೇಲೆ ಹೇಗೆ ಹರಿಯುತ್ತದೆಂದು ಕಣ್ಣಿಗೆ ಕಾಣಬೇಕಲ್ಲ? ಹೆಂಡತಿ ಸ್ವೆಟರಿಗೆಂದು ತೆಗೆದಿಟ್ಟಿದ್ದ ಬಿಳಿ ಉಣ್ಣೆ ದಾರವನ್ನು ಅವಳನ್ನು ಕೇಳದೆ ತುಂಡುತುಂಡು ಮಾಡಿ, ಮಂಡಿಗೆ, ಮೊಣಕೈಗೆ, ಎದೆಯ ಗುಂಡಿಗಳಿಗೆ, ಎರಡು ಕಿವಿಗೂ ಕಟ್ಟಿಕೊಂಡ. ಕೊನೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿ, ಫ್ಯಾನು ಹಾಕಿ, ಅಂಗಾತ ಒರಗಿ, ನಿಧಾನವಾಗಿ ಕಾಲಾಡಿಸತೊಡಗಿದ. ದಾರಗಳು ಹಿಂದಕ್ಕೆ ನೆಟ್ಟಗೆ ಹಾರಿದರೆ ಗಾಳಿ ಸಲೀಸು, ಕುಣಿದರೆ ಅಡಚಣೆ. ಶಾಸ್ತ್ರ ಸರಿಯಾಗಿಯೇ ಇತ್ತು.

ಎದುರುಮನೆಯ ಕಿಟಕಿ ದೊಡ್ಡಮ್ಮ ಬಂದದ್ದು ಆಗಲೇ. ಆಕೆಗೆ ಆ ಹೆಸರು ಬಂದದ್ದು ತನ್ನ ಮನೆಯ ಕಿಟಕಿಯಿಂದ; ಆದರೆ ಪರರ ಕಿಟಕಿಯನ್ನೂ ಆಕೆ ತಾತ್ಸಾರ ಮಾಡಿದವಳಲ್ಲ. ಸರಳು ಹಿಡಿದು ಇಣುಕಿದವಳಿಗೆ ಕಂಡದ್ದು ಇಷ್ಟು: ಅಂದಾಜಪ್ಪ ಮಲಗಿದ್ದಾನೆ, ಮೈತುಂಬ ಬಿಳಿ ನಳಿಕೆಗಳು, ಬಾಯಲ್ಲೂ ಒಂದು ನಳಿಕೆ, ಉಸಿರಿಗೆ ಫ್ಯಾನು, ಕಾಲು ತಾನಾಗಿ ಅದುರುತ್ತಿದೆ.

"ಅಯ್ಯೋ ನಮ್ಮಪ್ಪಾ! ಏನಾಯ್ತೋ ನಿನಗೆ? ಬೆನ್ನಾ?"

ಹಲ್ಲಿನಲ್ಲಿ ದಾರ. ಬಾಯಿ ಬಿಟ್ಟರೆ ಪ್ರಯೋಗ ಕೆಡುತ್ತದೆ. ಬೆನ್ನಿನ ಕೋನದ ಬಗ್ಗೆಯೇ ಕೇಳುತ್ತಿದ್ದಾಳೆಂದು ತಿಳಿದು ಅಂದಾಜಪ್ಪ "ಹೂಂ" ಎಂದ.

"ನಿಮಿರೋಕೆ ಆಗಲ್ವಾ?"

ನಿಮಿರಿದರೆ ಗಾಳಿ ತಡೆಯುತ್ತದಲ್ಲ. "ಊಹೂಂ."

"ಹೆಂಡ್ತಿಗೆ ಗೊತ್ತೇನೋ?"

ಅಂದಾಜಪ್ಪನಿಗೆ ಉಣ್ಣೆ ದಾರ ನೆನಪಾಯಿತು. ಗಾಬರಿಯಿಂದ ಜೋರಾಗಿ ತಲೆಯಾಡಿಸಿ, ಹೇಳಬೇಡಿ ಎಂದು ಕೈಮುಗಿದ. ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು. "ಒಳಗೊಳಗೇ ನುಂಗ್ಕೊಂಡಿದ್ದೀಯಲ್ಲೋ ಮಗನೇ" ಎಂದವಳೇ ಸೆರಗಲ್ಲಿ ಕಣ್ಣೊರೆಸಿಕೊಂಡು ಬೀದಿಗಿಳಿದಳು.

ಹೆಂಡತಿ ಹೊಲಿಗೆ ಶಾಲೆಯಲ್ಲಿ ಪಾಠ ಮುಗಿಸಿ ಬೀದಿಯ ತಿರುವಿಗೆ ಬರುವಷ್ಟರಲ್ಲಿ ನಾಲ್ಕು ಮನೆಯ ಹೆಂಗಸರು ಅವಳನ್ನು ಅಪ್ಪಿಕೊಂಡು ಅತ್ತಿದ್ದರು. ಏನು ಎತ್ತ ಎಂದು ಯಾರೂ ಬಾಯಿ ಬಿಡಲೊಲ್ಲರು. "ಧೈರ್ಯವಾಗಿರು ಕಣಮ್ಮಾ. ನಾವೆಲ್ಲ ಇದ್ದೀವಿ" ಎನ್ನುವುದೇ ಎಲ್ಲರ ಮಾತು. ಅವಳು ಎದೆ ಬಡಿದುಕೊಳ್ಳುತ್ತ ಓಡಿಬಂದು ಬಾಗಿಲು ತಳ್ಳಿದರೆ, ಗಂಡ ಕಿವಿಗೆ ಉಣ್ಣೆ ಕಟ್ಟಿಕೊಂಡು ಸೀಟಿನ ತಿರುಪು ತಿರುಗಿಸುತ್ತಿದ್ದಾನೆ.

"ಏನ್ರೀ ಇದು ಅವತಾರ?"

"ಗಾಳಿ ಪರೀಕ್ಷೆ ಕಣೇ."

"ನನ್ನ ಉಣ್ಣೆ!"

ಆಮೇಲೆ ನಡೆದ ಮಾತುಕತೆ ಗಂಡಹೆಂಡಿರದ್ದು, ನಮಗೆ ಬೇಡ. ಅದು ಮುಗಿಯುವ ಮೊದಲೇ ಬಾಗಿಲಲ್ಲಿ ಕಿತ್ತಳೆ ಹಣ್ಣು, ಬ್ರೆಡ್ಡು ಹಿಡಿದ ಜನ ಕಾಣಿಸಿಕೊಂಡರು.

ಮೊದಲು ಬಂದದ್ದು ಅತ್ತೆ, ಅಂದರೆ ಹೆಂಡತಿಯ ತಾಯಿ. ಅಳಿಯನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನೋಡೋಕೆ ಚೆನ್ನಾಗೇ ಇದ್ದಾರಲ್ಲೇ. ಇಂಥದ್ದೇ ಅಪಾಯ" ಎಂದರು. ಸೈಕಲ್ಲಿನ ಉದ್ದನೆಯ ಕೊಳವೆ ಕಂಡು, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ" ಎಂದು ನಿಟ್ಟುಸಿರು ಬಿಟ್ಟರು. ಕೊಳವೆಯ ಉದ್ದದ ವಿಷಯದಲ್ಲಿ ಹಿರಿಯರು ಆಗಲೇ ತೀರ್ಮಾನ ಹೇಳಿಬಿಟ್ಟಿದ್ದಾರೆ, ಸೀಟಿನ ಬಾಗನ್ನು ಮಾತ್ರ ತನಗೆ ಬಿಟ್ಟಿದ್ದಾರೆ ಎಂದು ಅಂದಾಜಪ್ಪನಿಗೆ ಅನ್ನಿಸಿತು.

ಹಿಂದೆಯೇ ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡನಾದ ಇವನಿಗೆ ಔಷಧಿ ಅಂಗಡಿ. ಅರ್ಧ ವೈದ್ಯ ಎಂದು ಅವನ ನಂಬಿಕೆ. ಸೊಂಟಕ್ಕೆ ಕಟ್ಟುವ ಪಟ್ಟಿ, ಕುತ್ತಿಗೆಗೆ ಹಾಕುವ ಪಟ್ಟಿ, ಒಂದು ಜೊತೆ ಊರುಗೋಲು ತಂದಿದ್ದ.

"ಅಣ್ಣಾ, ಇದೆಲ್ಲ ಒಪ್ಪಿಕೊಂಡ್ರೆ ಅರ್ಧ ವಾಸಿ."

"ನನಗೇನೂ ಆಗಿಲ್ಲ ಕಣಯ್ಯ!"

"ನೋಡಿದ್ರಾ?" ಎಂದು ಷಡ್ಡಕ ಎಲ್ಲರ ಕಡೆ ತಿರುಗಿದ. "ಎಲ್ಲ ರೋಗಿಗಳೂ ಹೀಗೇ ಅನ್ನೋದು."

"ಇದು ಸೈಕಲ್ಲು. ಗಾಳಿಯ ತಡೆ ಕಡಿಮೆ ಮಾಡೋಕೆ ಹಿಂದಕ್ಕೆ ಒರಗಬೇಕು. ಹಿಂದಕ್ಕೆ ಒರಗಿದರೆ ಕಾಲಿನ ಬಲ ಹೋಗುತ್ತೆ. ಅದಕ್ಕೆ..."

"ಕಾಲಿನ ಬಲಾನೂ ಹೋಗಿದ್ಯಾ!" ಎಂದು ಅತ್ತೆ ಕುಸಿದು ಕೂತರು.

ಅಲ್ಲಿಂದಾಚೆಗೆ ಅಂದಾಜಪ್ಪ ಸತ್ಯ ಹೇಳಿದಷ್ಟೂ ರೋಗ ಹೆಚ್ಚಿತು. ಮಂಡಿ ಮಡಚಿದರೆ ಎಷ್ಟು, ನೀಡಿದರೆ ಎಷ್ಟು ಎಂದು ವಿವರಿಸಿದ. ಕೀಲು ಹಿಡಿದಿದೆ ಎಂದರು. ಮಲಗಿದರೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದ. ದೃಷ್ಟಿಗೂ ಬಂತು ಎಂದರು. ಬಂದವರಿಗೆಲ್ಲ ಹೆಂಡತಿ ಟೀ ಮಾಡಿದಳು, ಲೋಟ ತೊಳೆದಳು, ಮತ್ತೆ ಟೀ ಮಾಡಿದಳು. ಊರಿಂದ ಬಂದ ನೆಂಟರು ರೋಗಿಯನ್ನು ಬಿಟ್ಟು ಹೋಗುವುದು ತರವಲ್ಲವೆಂದು ಉಳಿದುಕೊಂಡರು. ಅವರಿಗೆ ಚಾಪೆ ಹಾಸಿದಳು, ಬೆಳಗ್ಗೆ ಸುತ್ತಿಟ್ಟಳು. ಮೊದಲ ದಿನ ಅವಳು ಎಲ್ಲರಿಗೂ ನಿಜ ಹೇಳಿ ನೋಡಿದಳು. "ಪಾಪ, ಅವಳ ಮನಸ್ಸು ಒಪ್ಪುತ್ತಿಲ್ಲ" ಎಂದು ಕಿಟಕಿ ದೊಡ್ಡಮ್ಮ ತಲೆ ನೇವರಿಸಿದ ಮೇಲೆ ಹೇಳುವುದನ್ನೇ ಬಿಟ್ಟಳು.

ಬೀದಿಯಲ್ಲಿ ಅಭ್ಯಾಸ ಮಾಡೋಣವೆಂದರೆ ಅದಕ್ಕೂ ಕಲ್ಲು ಬಿತ್ತು. ಸೀಟು ಪೂರ್ತಿ ಬಾಗಿಸಿ ಹೊರಟ ದಿನ ಸೈಕಲ್ಲು ಹಾವಿನ ಹಾಗೆ ಓಲಾಡಿತು. ದಾರಿಯ ಬದಲು ಮೋಡ ನೋಡುತ್ತ ಹೋಗಿ ಒಣಗಲು ಹಾಕಿದ್ದ ಬೆಡ್‌ಶೀಟಿನೊಳಗೆ ನುಗ್ಗಿದ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದ ಅಂದಾಜಪ್ಪ ಅಂಗಾತ ಬರುವುದನ್ನು ಕಂಡ ಬೀದಿಯವರು ಕೈಮುಗಿದು ದಾರಿ ಬಿಟ್ಟರು. ಸೀಟು ನೆಟ್ಟಗೆ ಮಾಡಿ ಹೊರಟ ದಿನ ಕಾಲಿಗೆ ಒಳ್ಳೆಯ ಬಲ ಬಂತು. ಆದರೆ ತಿರುವಿನಲ್ಲಿ ಎದುರುಗಾಳಿ ಹೊಡೆದು ನಿಂತಲ್ಲೇ ತುಳಿಯತೊಡಗಿದ. ಕೂಡಲೇ ಯಾರೋ ಪುಣ್ಯಾತ್ಮ ಹಿಂದಿನಿಂದ ತಳ್ಳಿದ. "ಬಿಡ್ರೀ!" ಎಂದರೆ, "ಸಂಕೋಚ ಬೇಡ, ನಮ್ಮ ಮಾವನಿಗೂ ಹೀಗೇ ಆಗಿತ್ತು" ಎಂದು ಮನೆಯವರೆಗೂ ತಳ್ಳಿಕೊಂಡು ಬಂದ. ಸ್ವಂತ ಬಲ ಎಷ್ಟೆಂದು ತಿಳಿಯಲು ಊರು ಅವನಿಗೆ ಅವಕಾಶವನ್ನೇ ಕೊಡಲಿಲ್ಲ.

ಕೊನೆಗೆ ಸುದ್ದಿ ಕಚೇರಿಗೂ ಹೋಯಿತು. ಅಂದಾಜಪ್ಪ ರಜೆ ಮುಗಿಸಿ ಶುಕ್ರವಾರ ಹೋಗಿ ನೋಡಿದರೆ ದೂರಿನ ಕಿಟಕಿಯ ರೂಪವೇ ಬದಲಾಗಿತ್ತು. ಹಳೆಯ ಕುರ್ಚಿ ತೆಗೆದು, ದಿಂಬುಗಳಿರುವ ಉದ್ದನೆಯ ಒರಗು ಕುರ್ಚಿ ಹಾಕಿದ್ದರು. ಮೇಜಿನ ಕಾಲು ಕತ್ತರಿಸಿ ಮಲಗಿದವನಿಗೆ ಸಿಗುವಷ್ಟು ತಗ್ಗಿಸಿದ್ದರು. ಗೋಡೆಗೆ ಗಂಟೆಯ ಗುಂಡಿ ಇತ್ತು, ಉಸಿರು ಕಟ್ಟಿದರೆ ಒತ್ತಲಿಕ್ಕೆ. ಹೆಡ್ ಕ್ಲಾರ್ಕ್ ಗದ್ಗದಿತನಾಗಿ, "ಅವತ್ತು ನಕ್ಕಿದ್ದಕ್ಕೆ ಕ್ಷಮಿಸಪ್ಪ. ನಾವೆಲ್ಲ ಸೇರಿ ಮಾಡಿದ್ದು. ಇನ್ನು ನೀನು ಜನ್ಮಪೂರ್ತಿ ಇಲ್ಲಿಂದ ಏಳಬೇಕಾಗಿಲ್ಲ" ಎಂದ.

ಜನ್ಮಪೂರ್ತಿ ಎಂಬ ಮಾತು ಕೇಳಿ ಅಂದಾಜಪ್ಪನ ಕಾಲು ನಿಜವಾಗಿಯೂ ಕುಸಿಯಿತು. ಇಬ್ಬರು ಹಿಡಿದುಕೊಂಡರು. "ನೋಡಿದ್ರಾ" ಎಂದು ಎಲ್ಲರೂ ಪಿಸುಗುಟ್ಟಿದರು.

ಅವನು ಕೈ ಕೊಸರಿಕೊಂಡು ಸಾಹೇಬರ ಕೋಣೆಗೆ ನುಗ್ಗಿದ. "ಸಾರ್, ಸೋಮವಾರ ನಾನು ಬರ್ತೀನಿ. ನಂಗೆ ಯಾವ ರೋಗಾನೂ ಇಲ್ಲ."

ಸಾಹೇಬರು ಎದ್ದು ಬಂದು ಕುರ್ಚಿ ಎಳೆದುಕೊಟ್ಟರು. ಆ ಮನುಷ್ಯ ಯಾರಿಗೂ ಕುರ್ಚಿ ಕೊಟ್ಟವರಲ್ಲ. "ನೋಡಿ, ನಾನೂ ಮನುಷ್ಯನೇ. ಗುಡ್ಡದ ಮಾತು ಮರೆತುಬಿಡಿ. ಕಿಟಕಿ ನಿಮಗೆ ಕಾಯಂ ಅಂತ ಇವತ್ತೇ ಬರೆದುಬಿಡ್ತೀನಿ."

"ಬೇಡ ಸಾರ್! ದಮ್ಮಯ್ಯ!" ಅಂದಾಜಪ್ಪನಿಗೆ ಅಳು ಬಂದುಬಿಟ್ಟಿತು. "ಸೋಮವಾರದವರೆಗೆ ತಡೀರಿ. ನಾನಾಗಿ ಮೇಲಕ್ಕೆ ಬರದಿದ್ದರೆ ಏನಾದ್ರೂ ಬರ್ಕೊಳ್ಳಿ."

ರೋಗಿಯ ಕಡೆಯ ಆಸೆ ಎನ್ನುವ ಹಾಗೆ ಸಾಹೇಬರು ತಲೆಯಾಡಿಸಿದರು. "ಡಾಕ್ಟರನ್ನೂ ಕರ್ಕೊಂಡು ಬಂದಿರ್ತೀನಿ. ಗಟ್ಟಿಯಾಗಿದ್ದೀರಿ ಅಂತ ಅವರು ಹೇಳಬೇಕು."

ಸೋಮವಾರ ಬಂತು. ಕೆರೆ ಏರಿಯ ಮೇಲೆ ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಅಂದಾಜಪ್ಪ ಕಡೆಗೂ ಒಂದು ತೀರ್ಮಾನಕ್ಕೆ ಬಂದಿದ್ದ: ಒಂದೇ ಬಾಗಿನಲ್ಲಿ ಎರಡೂ ಸಿಗದು. ಏರಿಯ ಮೇಲೆ ದಾರಿ ಸಮ, ಬಲ ಅಷ್ಟು ಬೇಡ, ಹಿಂದಕ್ಕೆ ಬಾಗಿ ಹೋಗುವುದು; ಗುಡ್ಡದ ಬುಡದಲ್ಲಿ ಇಳಿದು ಸೀಟು ನೆಟ್ಟಗೆ ಮಾಡಿ ಬಲವಾಗಿ ತುಳಿಯುವುದು. ಇಂಥ ಸರಳ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಎಂದರೆ, ಮನೆಯಲ್ಲಿ ಅಷ್ಟು ಜನರಿದ್ದಾಗ ಯಾರಿಗೆ ತಾನೆ ಏನು ಹೊಳೆದೀತು?

ಏರಿಯ ಮೇಲೆ ಅವನು ಹೋದ ಬಗೆಯನ್ನು ಒಪ್ಪಿಕೊಳ್ಳಲೇಬೇಕು. ನೆಟ್ಟಗೆ ಕೂತು ತುಳಿಯುವ ಹಾಲಿನವನು, ಪೇಪರಿನವನು ತಲೆ ತಗ್ಗಿಸಿ ಗಾಳಿಯೊಡನೆ ಗುದ್ದಾಡುತ್ತಿದ್ದರೆ, ಅಂದಾಜಪ್ಪ ಅವರ ಮೊಣಕಾಲಿನ ಎತ್ತರದಲ್ಲಿ ಸರಸರ ಜಾರಿಹೋದ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ರೋಗಿ ಒಬ್ಬನೇ ಊರು ಬಿಟ್ಟು ಹೊರಟಿದ್ದಾನೆಂದು ಕಿಟಕಿ ದೊಡ್ಡಮ್ಮ ಆಗಲೇ ಬೀದಿಗೆ ಬೀದಿಯನ್ನೇ ಎಬ್ಬಿಸಿದ್ದಳು. ಊರುಗೋಲು ಹಿಡಿದ ಷಡ್ಡಕ ಮುಂದೆ, ಕಚೇರಿಯವರು ನಡುವೆ, ನೆರೆಹೊರೆಯವರು ಹಿಂದೆ, ದಂಡು ದಂಡಾಗಿ ಬೆನ್ನಟ್ಟಿ ಬರುತ್ತಿದ್ದರು.

ಗುಡ್ಡದ ಬುಡದಲ್ಲಿ ಅಂದಾಜಪ್ಪ ಇಳಿದು, ನೆಲದ ಮೇಲೆ ಮಲಗಿ, ಸೀಟಿನ ಕೆಳಗೆ ತಲೆ ತೂರಿಸಿ ತಿರುಪು ಸಡಿಲಿಸಿದ. ತಿರುಪು ಕೈಯಿಂದ ಜಾರಿ ಹುಲ್ಲಿನಲ್ಲಿ ಮಾಯವಾಯಿತು. ಹುಡುಕಲು ಕವುಚಿ ಬಿದ್ದು ಹುಲ್ಲಿನಲ್ಲಿ ಕೈಯಾಡಿಸತೊಡಗಿದ.

"ಬಿದ್ದ! ಬಿದ್ದುಬಿಟ್ಟ!" ದಂಡು ಬಂದೇಬಿಟ್ಟಿತು. "ಕೈ ಹೇಗೆ ಅದುರ್ತಾ ಇದೆ ನೋಡಿ!"

"ತಿರುಪು! ನನ್ನ ತಿರುಪು!"

"ಬಾಯಿ ತೊದಲ್ತಾ ಇದೆ" ಎಂದ ಷಡ್ಡಕ. "ಎತ್ರೀ! ಡಾಕ್ಟರು ಮೇಲೇ ಇದ್ದಾರೆ. ಕೆಳಗೆ ಒಯ್ಯೋದಕ್ಕಿಂತ ಮೇಲಕ್ಕೆ ಒಯ್ಯೋದೇ ಹತ್ತಿರ."

ಅಂದಾಜಪ್ಪನನ್ನು ಸೀಟಿನ ಮೇಲೆ ಅಂಗಾತ ಮಲಗಿಸಿ, ಸೈಕಲ್ಲು ಸಮೇತ ಹೆಗಲಿಗೆ ಎತ್ತಿದರು. ಅವನು ಬೇಡಿದ, ಬೈದ, ಸಾಹೇಬರ ಷರತ್ತು ಹೇಳಿದ. "ಸ್ವಂತ ಬಲದ ಮೇಲೆ ಬರಬೇಕು ಕಣ್ರೋ! ನನ್ನ ಕೋಣೆ ಹೋಗುತ್ತೆ ಕಣ್ರೋ!" ಎಂದು ಅತ್ತ. ಸ್ವಂತ ಬಲ ತೋರಿಸಲೆಂದು ಗಾಳಿಯಲ್ಲೇ ಪೆಡಲು ತುಳಿದ. ಹಿಂದಿನ ಚಕ್ರ ಗಿರ್ರೆಂದು ತಿರುಗಿ ಹೆಡ್ ಕ್ಲಾರ್ಕನ ಮೂಗು ಸವರಿತು. "ಕೊನೇ ಒದ್ದಾಟ! ಬೇಗ, ಬೇಗ!" ಎಂದು ಎಲ್ಲರೂ ಗುಡ್ಡದ ಮೇಲೆ ಓಡತೊಡಗಿದರು. ಮೇಲೆ ಆಕಾಶ ನೋಡುತ್ತ ಅಂದಾಜಪ್ಪ ತುಳಿಯುವುದನ್ನು ಬಿಟ್ಟು ಒರಗಿಕೊಂಡ. ಎಲ್ಲ ಮುಗಿಯಿತು, ಇನ್ನು ಸಾಯುವವರೆಗೂ ಬಾಟಲಿ ನೀರು ನೋಡುವುದೇ ಹಣೆಬರಹ ಎಂದುಕೊಂಡ.

ಗುಡ್ಡದ ತುದಿಯಲ್ಲಿ ಸೈಕಲ್ಲನ್ನು ಇಳಿಸಿದ್ದೇ ತಡ, ಹೊತ್ತವರೆಲ್ಲ ನೆಲಕ್ಕೆ ಒರಗಿದರು. ಹೆಡ್ ಕ್ಲಾರ್ಕ್ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದ. ಷಡ್ಡಕ ತಾನು ತಂದ ಊರುಗೋಲನ್ನು ತಾನೇ ಊರಿಕೊಂಡು ಕೂತ. ಡಾಕ್ಟರು ಟ್ಯಾಂಕಿನ ಹಿಂದಿನಿಂದ ಓಡಿಬಂದು, ಯಾರು ರೋಗಿ ಎಂದು ಕೇಳಿದರೆ, ಒಬ್ಬರಿಗಾದರೂ ಉತ್ತರ ಹೇಳುವಷ್ಟು ಉಸಿರಿರಲಿಲ್ಲ.

ಡಾಕ್ಟರು ಬಲು ನಿಯಮದ ಮನುಷ್ಯ. ಯಾರೂ ಹೇಳದಿದ್ದ ಮೇಲೆ ಸಾಲಾಗಿ ಎಲ್ಲರ ಕೈ ಹಿಡಿದು ನಾಡಿ ನೋಡುತ್ತ ಬಂದರು. ಹೆಡ್ ಕ್ಲಾರ್ಕನ ಕೈ ಹಿಡಿದು "ಅಬ್ಬಬ್ಬಾ" ಎಂದರು. ಷಡ್ಡಕನ ಎದೆಗೆ ಕಿವಿ ಕೊಟ್ಟು, "ನೀವು ಔಷಧಿ ಮಾರೋದು ಬಿಟ್ಟು ತಿನ್ನೋಕೆ ಶುರು ಮಾಡಿ" ಎಂದರು. ಕೊನೆಗೆ ಅಂದಾಜಪ್ಪನ ಬಳಿ ಬಂದು ಬಹಳ ಹೊತ್ತು ಕೈ ಹಿಡಿದುಕೊಂಡರು. ಬೆನ್ನು ತಟ್ಟಿದರು, ಮಂಡಿ ಮಡಚಿಸಿದರು, ಕಣ್ಣಿನ ರೆಪ್ಪೆ ಎತ್ತಿದರು.

"ಆಶ್ಚರ್ಯ!" ಎಂದು ಡಾಕ್ಟರು ಸಾಹೇಬರ ಕಡೆ ತಿರುಗಿದರು. "ಇಷ್ಟು ದೊಡ್ಡ ಗುಡ್ಡ ಹತ್ತಿ ಬಂದಿದ್ದಾರೆ, ನಾಡಿ ಮಗುವಿನ ನಿದ್ದೆ ಹಾಗಿದೆ. ಒಂದು ಹನಿ ಬೆವರಿಲ್ಲ. ನಿಮ್ಮ ಇಡೀ ಕಚೇರಿಯಲ್ಲಿ ಗಟ್ಟಿ ಅಂದ್ರೆ ಈ ಮನುಷ್ಯ ಒಬ್ಬರೇ."

ಸಾಹೇಬರು ಟ್ಯಾಂಕಿನ ಹಿಂಬದಿಯಲ್ಲಿ ನೀರಿನ ಮಟ್ಟ ನೋಡುತ್ತಿದ್ದು ಈಗಷ್ಟೇ ಈಚೆ ಬಂದಿದ್ದರು. ಕಂಡದ್ದು ಸೈಕಲ್ಲಿನ ಮೇಲೆ ಆರಾಮವಾಗಿರುವ ಅಂದಾಜಪ್ಪ, ಸುತ್ತ ಬಿದ್ದುಕೊಂಡಿರುವ ಸಿಬ್ಬಂದಿ. "ಇವರೆಲ್ಲ ನಿಮ್ಮ ಜೊತೆ ಓಡಿಬರೋಕೆ ಹೋಗಿ ಹೀಗಾದ್ರಾ?" ಎಂದರು.

ಅಂದಾಜಪ್ಪ ಪ್ರಾಮಾಣಿಕ. "ಇಲ್ಲ ಸಾರ್, ಇವರು ನನ್ನನ್ನ..." ಎಂದು ಶುರು ಮಾಡಿದ.

"ಸಾಕು, ದೊಡ್ಡಸ್ತಿಕೆ ಬೇಡ" ಎಂದು ಸಾಹೇಬರು ತಡೆದು, ಕೋಣೆಯ ಬೀಗದಕೈಯನ್ನು ಅವನ ಕೈಗೆ ಹಾಕಿದರು. ಹೆಡ್ ಕ್ಲಾರ್ಕ್ ಏನೋ ಹೇಳಲು ಬೆರಳೆತ್ತಿದ. ಉಸಿರು ಬರಲಿಲ್ಲ. ಸಾಹೇಬರು ಆ ಬೆರಳನ್ನು ನೋಡಿ, "ನಿಮಗೆ ಸ್ವಲ್ಪ ವಿಶ್ರಾಂತಿ ಬೇಕು. ದೂರಿನ ಕಿಟಕಿಯಲ್ಲಿ ಒಳ್ಳೆ ಒರಗು ಕುರ್ಚಿ ಇದೆಯಲ್ಲ" ಎಂದರು.

ಕೆಳಗೆ ಇಳಿಯುವಾಗ ತಿರುಪಿಲ್ಲದ ಸೀಟು ಪೂರ್ತಿ ಹಿಂದಕ್ಕೆ ಬಿದ್ದಿತ್ತು. ತುಳಿಯುವ ಕೆಲಸವಿಲ್ಲ, ಕಾಲಿನ ಬಲದ ಮಾತಿಲ್ಲ, ಬೆನ್ನ ಹಿಂದಿನ ಗಾಳಿ ಬೇರೆ. ಬ್ರೇಕಿನ ಮೇಲೆ ಎರಡು ಬೆರಳಿಟ್ಟು, ಬೀಗದಕೈಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಂದಾಜಪ್ಪ ಗುಡ್ಡದಿಂದ ಹಾರಿಬಂದ. ಜೀವನದಲ್ಲಿ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಏರಿಯ ಕೊನೆಯಲ್ಲಿ ಹೆಂಡತಿ ಎದುರಾದಳು. ಗಂಡನನ್ನು ಹೆಗಲ ಮೇಲೆ ಹೊತ್ತು ಒಯ್ದರು ಎಂದು ಯಾರೋ ಹೇಳಿದ್ದರು. ರೋಗ ಸುಳ್ಳೆಂದು ಗೊತ್ತಿದ್ದರೂ ಅವಳ ಜೀವ ಬಾಯಿಗೆ ಬಂದಿತ್ತು. ಚಪ್ಪಲಿ ಕೂಡ ಮೆಟ್ಟದೆ ಓಡಿಬಂದಿದ್ದಳು. ನಗುತ್ತ ಬರುವ ಗಂಡನನ್ನು ಕಂಡು ಅವಳಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ದಾರಿಗೆ ಅಡ್ಡ ನಿಂತಳು.

"ಸಿಕ್ತು ಕಣೇ! ಕೋಣೆ ಸಿಕ್ತು!" ಎಂದು ಅಂದಾಜಪ್ಪ ಬೀಗದಕೈ ತೋರಿಸಿದ.

"ಇಳೀರಿ."

"ಯಾಕೆ?"

"ಇಳೀರಿ ಅಂದೆ. ನಿಮ್ಮ ಇಲ್ಲದ ಬೆನ್ನುನೋವು ನೋಡೋಕೆ ಬಂದವರಿಗೆಲ್ಲ ಟೀ ಮಾಡಿ, ಲೋಟ ತೊಳೆದು, ಚಾಪೆ ಎತ್ತಿ, ನನ್ನ ಬೆನ್ನು ನಿಜವಾಗ್ಲೂ ಬಿದ್ದುಹೋಗಿದೆ. ಮನೇವರೆಗೆ ನಾನು ಮಲಗ್ತೀನಿ."

ಅಂದಾಜಪ್ಪನಿಗೆ ಆಗ ಅವಳ ಮುಖ ಕಂಡಿತು. ಕಣ್ಣಿನ ಕೆಳಗೆ ಕಪ್ಪು ಬಂದಿತ್ತು; ಸೊಂಟಕ್ಕೆ ಕೈ ಕೊಟ್ಟೇ ನಿಂತಿದ್ದಳು. ಇಷ್ಟು ದಿನ ಗಾಳಿಯನ್ನು ಮಾತ್ರ ನೋಡುತ್ತಿದ್ದೆನಲ್ಲ ಎಂದು ಅವನಿಗೆ ಬಹಳ ನಾಚಿಕೆಯಾಯಿತು. ಇಳಿದು, ಅವಳನ್ನು ಮೆಲ್ಲನೆ ಒರಗಿಸಿ, ಕಾಲು ನಿಲುಕುವಂತೆ ಕೊಳವೆಯನ್ನು ಒಳಕ್ಕೆ ತಳ್ಳಿದ. ಅವಳು ಕಣ್ಣು ಮುಚ್ಚಿ ಉದ್ದನೆಯ ಉಸಿರು ಬಿಟ್ಟಳು. ಅವನು ಹಿಂದೆ ನಿಂತು ಜೋಪಾನವಾಗಿ ತಳ್ಳಿಕೊಂಡು ಹೊರಟ.

ಬೀದಿ ಬಂತು. ಬಾಗಿಲು ಬಾಗಿಲಿಗೂ ಜನ ನಿಂತಿದ್ದರು. ಕಿಟಕಿ ದೊಡ್ಡಮ್ಮ ಕೈ ಬಾಯಿಗೆ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿಬಂದಳು.

"ಅಯ್ಯಯ್ಯೋ! ಹೆಂಡ್ತಿಗೂ ಅಂಟ್ಕೊಂಡ್ತೇನೋ!"

ಅಂದಾಜಪ್ಪ ನಿಂತು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಎಲ್ಲವನ್ನೂ ವಿವರಿಸಲು ಬಾಯಿ ತೆರೆದ. ಸೀಟಿನಲ್ಲಿ ಒರಗಿದ್ದವಳು ಕಣ್ಣು ಬಿಡಲಿಲ್ಲ.

"ಸುಮ್ನೆ ತಳ್ಳಿ ರೀ" ಎಂದಳು. "ಈ ಸಲ ಅವರೇ ಬಂದು ಅಡುಗೆ ಮಾಡಲಿ."